ಮ್ಯಾಚಿನ ದಿನ ಏಡಿ ಕರಿಯುವುದಿಲ್ಲ

ಬರಾಂಕೆರಾದ ಬ್ಯಾಸ್ಕೆಟ್‌ಬಾಲ್ ಕೋರ್ಟಿನ ದೊಡ್ಡ ಗೇಟಿಗೆ ಎದುರಾಗಿ ಇಲುಮಿನಾದಾಳ ಗೂಡಂಗಡಿ. ಅಷ್ಟುದ್ದ ಹೆಸರು ಯಾರಿಗೆ ಬೇಕು, ಊರಿಗೆಲ್ಲ ಅವಳು ಲೂಮಿ. ಹಸಿ ಬಾಳೆಕಾಯಿ, ಕೆಸುವಿನ ಗೆಡ್ಡೆ ತುರಿದು ರುಬ್ಬಿ, ಒಳಗೆ ಏಡಿಯ ಹೂರಣ ತುಂಬಿ ಅವಳು ಕರಿಯುವ ಅಲ್ಕಪುರಿಯಾಕ್ಕೆ ಪೋರ್ಟೊ ರಿಕೊದ ದಕ್ಷಿಣ ದಂಡೆಯಲ್ಲೆಲ್ಲ ಹೆಸರಿತ್ತು. ಏಡಿಯನ್ನು ಹಿಡಿದು ತಂದ ಹಾಗೇ ಬಾಣಲೆಗೆ ಹಾಕುವವಳಲ್ಲ ಅವಳು. ಅಂಗಡಿಯ ಹಿಂದೆ ಪೀಪಾಯಿಯಲ್ಲಿ ಕೂಡಿ ಹಾಕಿ, ಜೋಳ, ಕೊಬ್ಬರಿ ತಿನ್ನಿಸಿ, ಬಾಣಂತಿಯ ಹಾಗೆ ಆರೈಕೆ ಮಾಡಿಯೇ ಕೈಗೆ ಕತ್ತಿ ತೆಗೆದುಕೊಳ್ಳುವವಳು.

ಆದರೆ ಊರಿನ ತಂಡದ ಮ್ಯಾಚು ಇದ್ದ ದಿನ ಏಡಿ ಇಲ್ಲ. ಖೀಮಾದ್ದು ಬೇಕಾದರೆ ತಿನ್ನು, ಇಲ್ಲವಾದರೆ ದಾರಿ ಹಿಡಿ. ಯಾಕೆಂದರೆ ತಂಡದ ಹೆಸರೇ ಏಡಿಗಳು. ಈ ಕಟ್ಟಳೆ ಲೂಮಿಯ ಅವ್ವ ಹಾಕಿದ್ದು. ಅವ್ವ ಸತ್ತಳು, ಸ್ಕೋರ್‌ಬೋರ್ಡಿನ ಅಂಕಿ ತಿರುಗಿಸುತ್ತಿದ್ದ ಗಂಡನೂ ಹೋದ, ಕಟ್ಟಳೆ ಮಾತ್ರ ಕೂದಲಷ್ಟೂ ಅಲುಗಲಿಲ್ಲ. ಎದುರಾಳಿ ಊರಿನವರು ಬಸ್ಸಿಳಿದವರೇ ಬೇಕೆಂತಲೇ ಅಂಗಡಿಗೆ ಬಂದು, ಅಮ್ಮಾವ್ರೇ ಎನ್ನುವ ಹಾಗೆ ದೋನ್ಯಾ ಎಂದು ಕರೆದು ಕೆಣಕುತ್ತಿದ್ದರು.

"ಎರಡು ಏಡಿ ಕೊಡಿ ದೋನ್ಯಾ, ನಿಮ್ಮೋರನ್ನ ಇಲ್ಲಿಂದಾನೇ ತಿನ್ನಕ್ಕೆ ಶುರು ಮಾಡ್ತೀವಿ."

"ಏಡಿಗಳು ಕೆಲಸಕ್ಕೆ ಹೋಗಿದಾವೆ ಮಗಾ. ಒಳಗೆ ಹೋಗು, ಅವೇ ಬಂದು ಕಚ್ತಾವೆ."

ಇಂಥ ಲೂಮಿ ಜೀವನದಲ್ಲಿ ಎದುರಾಡಲಾರದ ಮನುಷ್ಯ ಒಬ್ಬನೇ, ವೆನಾನ್ಸಿಯೊ. ಅವಳ ಮಗಳಿಗೆ ಚರ್ಚಿನಲ್ಲಿ ಹೆಸರಿಡುವಾಗ ಮಗುವನ್ನು ಕೈಯಲ್ಲಿ ಹಿಡಿದು ನಿಂತವನು ಅವನು. ಅಂದಿನಿಂದ ಅವಳಿಗೆ ಅವನು ಕೊಂಪಾಯ್, ಅವನಿಗೆ ಅವಳು ಕೊಮಾಯ್. ಒಡಹುಟ್ಟಿದವರು ಆಸ್ತಿಗಾಗಿ ಕಿತ್ತಾಡಬಹುದು, ಈ ನಂಟಿನವರು ಒಬ್ಬರ ಮೇಲೊಬ್ಬರು ದನಿ ಎತ್ತುವಂತಿಲ್ಲ. ವೆನಾನ್ಸಿಯೊ ಹಾರ್ಡ್‌ವೇರ್ ಅಂಗಡಿಯವನು, ಜೊತೆಗೆ ಏಡಿಗಳ ತಂಡದ ಮುಖ್ತಾರ. ಆಟಗಾರರನ್ನು ತರುವುದು, ಬಿಡುವುದು, ಕೋಚನ್ನು ಇಡುವುದು, ತೆಗೆಯುವುದು ಎಲ್ಲ ಅವನ ಕೈಯಲ್ಲಿ. ಆದರೂ ಆ ಸೀಮೆಯಲ್ಲಿ ಅಂಥವನನ್ನು ಮಾಲೀಕ ಎಂದು ಯಾರೂ ಕರೆಯುವುದಿಲ್ಲ. ಊರು ಒಬ್ಬನನ್ನು ನಂಬಿ ತನ್ನ ಅಧಿಕಾರವನ್ನು ಅವನ ಕೈಗೆ ಕೊಟ್ಟಿದೆ, ಅವನು ಮುಖ್ತಾರ, ಅಷ್ಟೆ. ಕೊಟ್ಟವನು ಕೋಡಂಗಿ ಇಸ್ಕೊಂಡವನು ಈರಭದ್ರ ಎಂಬ ಗಾದೆ ಆ ಊರಿನವರು ಕೇಳಿರಲಿಲ್ಲ. ಕೇಳಿದ್ದರೆ ಸ್ವಲ್ಪ ಹುಷಾರಾಗಿರುತ್ತಿದ್ದರೋ ಏನೋ.

ಆ ವರ್ಷ ಏಡಿಗಳು ಸೋತದ್ದೇ ಸೋತದ್ದು. ಊರಲ್ಲಿ ಸೋತರು, ಹೊರಗೆ ಸೋತರು, ಕೊನೆಗೆ ಗೆಲ್ಲುವುದು ಹೇಗೆಂದೇ ಮರೆತವರ ಹಾಗೆ ಆಡತೊಡಗಿದರು. ಸಂಜೆಯಾದರೆ ಲೂಮಿಯ ಅಂಗಡಿ ಮುಂದಿನ ಬೆಂಚುಗಳ ಮೇಲೆ ಪಂಚಾಯಿತಿ ಸೇರುತ್ತಿತ್ತು. ಮುಖ್ತಾರ ಇರಬೇಕೋ ಹೋಗಬೇಕೋ, ಬೇರೆ ಮಾತೇ ಇಲ್ಲ. ಹೋಗಬೇಕು ಎನ್ನುವವರ ಮುಂದಾಳು ಕ್ಷೌರಿಕ ತಿನೊ. ಅವನ ಕತ್ತರಿಗಿಂತ ನಾಲಿಗೆ ಹರಿತ ಎಂದು ಗಿರಾಕಿಗಳೇ ಹೇಳುತ್ತಿದ್ದರು.

"ಬೆನೀಲ್ದೊನ ಯಾಕ್ರೀ ಮಾರಬೇಕಿತ್ತು? ಚೆಂಡು ಹಂಚೋದ್ರಲ್ಲಿ ಅವನಂಥೋನು ಇನ್ನೊಬ್ಬ ಇಲ್ಲ, ಇದೇ ಬೀದಿ ಹುಡುಗ," ಎಂದ ತಿನೊ ಒಂದು ಸಂಜೆ. "ಅವನ ಬದಲಿಗೆ ಬಂದಿರೋ ಆ ತೆಂಗಿನಮರ ನೋಡಿ. ಮೊಣಕಾಲಿಗೆ ಪಟ್ಟಿ ಸುತ್ಕೊಂಡೇ ವಿಮಾನ ಇಳಿದ. ಕುದುರೆ ಕೊಟ್ಟು ಲಾಳ ತಂದ ನಿಮ್ಮ ಕೊಂಪಾಯ್."

"ಸೋತಾಗ ಬಯ್ಯಕ್ಕೆ ಮುಖ್ತಾರ ಬೇಕು," ಎಂದಳು ಲೂಮಿ ಬಾಣಲೆಯಿಂದ ಕಣ್ಣೆತ್ತದೆ. "ಕಪ್ ಗೆದ್ದ ವರ್ಷ ಅವನ ಹೆಸರು ಎತ್ತಿದ್ಯಾ ನೀನು? ಎಲ್ಲಾ ನಿನ್ನ ಕಟಿಂಗ್ ಮಹಿಮೆ ಅಂತ ಹೇಳ್ಕೊಂಡು ತಿರುಗ್ತಿದ್ದೆ."

"ಕೋಚನ್ನ ಫೋನಲ್ಲೇ ಮನೆಗೆ ಕಳಿಸಿದ್ನಲ್ಲ, ಅದಕ್ಕೇನಂತೀರಿ?"

"ಕೋಚಿಗೆ ಫೋನಾದ್ರೂ ಬಂತು. ನಿನ್ನ ಹೆಂಡ್ತಿ ಬಿಟ್ಟುಹೋದಾಗ ನಿನಗೆ ಅದೂ ಬರಲಿಲ್ಲ."

ಬೆಂಚುಗಳು ಗೊಳ್ಳೆಂದವು. ನಿವೃತ್ತ ಟೀಚರ್ ಒಬ್ದುಲಿಯಾ ಮೇಡಂ ಯಾವಾಗಲೂ ಎರಡೂ ಕಡೆಗೆ ಅರ್ಧರ್ಧ ಮಾರ್ಕು ಕೊಡುವವರು. "ಅವನು ಮಾಡಿದ್ದು ತಪ್ಪೇ. ಆದ್ರೆ ಅವನನ್ನ ತೆಗೆದ್ರೆ ಬೇರೆ ಯಾರಿದಾರಪ್ಪಾ? ತಿನೊ, ನೀನು ಆಗ್ತೀಯಾ?" ಎಂದರು.

"ನಾನಾದ್ರೆ ಕೊನೇಪಕ್ಷ ಆಟಗಾರರ ತಲೆಯಾದ್ರೂ ನೀಟಾಗಿರುತ್ತೆ ಮೇಡಂ."

ನಗು ಇಳಿದ ಮೇಲೆ ತಿನೊ ತುಸು ದನಿ ತಗ್ಗಿಸಿದ. "ದೋನ್ಯಾ, ಇನ್ನೊಂದು ಸುದ್ದಿ ಇದೆ. ಉಳಿದ ಮ್ಯಾಚುಗಳನ್ನ ರಾಜಧಾನಿಗೆ ಒಯ್ತಾನಂತೆ. ಮುಂದಿನ ವರ್ಷ ತಂಡಾನೇ ಅಲ್ಲಿಗಂತೆ."

ಲೂಮಿ ಜಾಲರಿ ಸೌಟನ್ನು ಕೆಳಗಿಟ್ಟಳು. ಇದು ಮಾತ್ರ ಅವಳಿಗೆ ತಡೆಯಲಾಗಲಿಲ್ಲ. ಚಂಡಮಾರುತ ಕೋರ್ಟಿನ ಮಾಡನ್ನು ಹೊತ್ತುಕೊಂಡು ಹೋದ ವರ್ಷ, ಇನ್ನು ಈ ಊರಿಗೆ ತಂಡವಿಲ್ಲ ಎಂದು ಎಲ್ಲರೂ ಕೈಚೆಲ್ಲಿ ಕೂತಾಗ, ಏಣಿ ಹತ್ತಿ ಮೊದಲ ತಗಡಿಗೆ ಮೊಳೆ ಹೊಡೆದವನು ವೆನಾನ್ಸಿಯೊ. ಕೆಳಗೆ ಊರಿಗೆ ಊರೇ ಹಗ್ಗ ಎಳೆಯಿತು. ಲೂಮಿ ಕರೆಂಟಿಲ್ಲದ ಊರಿನಲ್ಲಿ ಸೌದೆ ಒಟ್ಟಿ ಅಷ್ಟೂ ಜನಕ್ಕೆ ಅಡುಗೆ ಮಾಡಿ ಹಾಕಿದಳು. ಅಂಥವನು ತಂಡವನ್ನು ಎತ್ತಿಕೊಂಡು ಹೋಗುತ್ತಾನೆಯೇ? ಈ ಗೇಟಿನ ಎದುರು ಮ್ಯಾಚಿಲ್ಲ ಎಂದಾದರೆ ಅವಳು ಯಾರು, ಈ ಅಂಗಡಿ ಯಾತಕ್ಕೆ?

"ತಿನೊ, ಕೇಳಿಲ್ಲಿ," ಎಂದಳು. "ನನ್ನ ಕೊಂಪಾಯ್ ಈ ಊರಿಂದ ಒಂದೇ ಒಂದು ಮ್ಯಾಚು ಹೊರಗೆ ಒಯ್ದರೂ, ಆವತ್ತೇ, ಮ್ಯಾಚಿನ ದಿನಾನೇ, ನಾನು ಏಡಿ ಕರೀತೀನಿ. ಮೊದಲನೇದು ನೀನೇ ತಿನ್ನು. ಬಾಜಿ?"

ತಿನೊ ತಬ್ಬಿಬ್ಬಾದ. ಆದರೂ ಅಷ್ಟು ಜನರೆದುರು ಹಿಂದೆ ಸರಿಯುವುದು ಹೇಗೆ? "ಬಾಜಿ," ಎಂದ.

ವಾರ ಕಳೆಯುವುದರೊಳಗೆ ರೇಡಿಯೊದಲ್ಲಿ ವೆನಾನ್ಸಿಯೊನ ದನಿಯೇ ಬಂತು. ಊರಿನಲ್ಲಿ ಆಡಬೇಕಿದ್ದ ಉಳಿದ ಮ್ಯಾಚುಗಳೆಲ್ಲ ಇನ್ನು ರಾಜಧಾನಿಯಲ್ಲಿ. ಬರಾಂಕೆರಾದಲ್ಲಿ ಕುರ್ಚಿಗಳು ತುಂಬುತ್ತಿಲ್ಲ, ಜನರಿಗೆ ಮೊದಲಿನ ಉತ್ಸಾಹವಿಲ್ಲ ಎಂದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಲೂಮಿ ರೇಡಿಯೊ ಆರಿಸಿದಳು. ಯಾರೂ ಅವಳನ್ನು ಏನೂ ಕೇಳಲಿಲ್ಲ, ಅದೇ ಅವಳಿಗೆ ಹೆಚ್ಚು ಉರಿಯಿತು. ಕೊಂಪಾಯ್ ಬಂದು ತನಗಾದರೂ ಒಂದು ಮಾತು ಹೇಳಿಯಾನು ಎಂದು ಕಾದಳು. ಅವನ ಸುಳಿವಿಲ್ಲ. ಕೊಟ್ಟ ಮಾತು ಮಾತೇ. ಅವಳು ಪೀಪಾಯಿಯ ಏಡಿಗಳಿಗೆ ಇನ್ನಷ್ಟು ಜೋಳ ಹಾಕಿದಳು, ಹಾಕುತ್ತ ಒಂದೊಂದಕ್ಕೂ ಬೈದಳು.

ಮೊದಲ ಮ್ಯಾಚು ರಾಜಧಾನಿಯಲ್ಲಿ ನಡೆಯುವ ದಿನ ಮಧ್ಯಾಹ್ನವೇ ಅಂಗಡಿ ಮುಂದೆ ಜನ ಸೇರಿದರು. ತಮಾಷೆ ನೋಡಲು ಬಂದವರೇ ಆದರೂ ಒಬ್ಬರ ಮುಖದಲ್ಲೂ ತಮಾಷೆ ಇರಲಿಲ್ಲ. ಎದುರಿಗೆ ಕೋರ್ಟಿನ ಗೇಟಿಗೆ ಬೀಗ. ಲೂಮಿ ಎಣ್ಣೆ ಕಾಯಲಿಟ್ಟಳು. ಏಡಿಗಳನ್ನು ಪೀಪಾಯಿಯಿಂದ ಬಕೆಟ್ಟಿಗೆ ತೆಗೆದಳು. ಅವು ತಗಡನ್ನು ಪರಪರ ಕೆರೆಯತೊಡಗಿದವು. ಅವ್ವನ ಕಟ್ಟಳೆಯನ್ನು ತನ್ನ ಕೈಯಾರೆ ಮುರಿಯುವ ಹೊತ್ತು ಬಂತಲ್ಲ ಎಂದುಕೊಂಡಳು.

ಅದೇ ಹೊತ್ತಿಗೆ ವೆನಾನ್ಸಿಯೊನ ದೊಡ್ಡ ಕಾರು ಬಂದು ನಿಂತಿತು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಸೆಂಟಿನ ಘಮ. ಜನರನ್ನು ನೋಡಿ ಅವನಿಗೆ ಮುಜುಗರವಾಯಿತೇನೋ, ನೇರ ಬಕೆಟ್ಟಿನ ಕಡೆ ನೋಡಿದ. ನೋಡಿ ಮುಖ ಅರಳಿಸಿದ.

"ಕೊಮಾಯ್, ನನ್ನ ಮನಸ್ಸಲ್ಲಿರೋದು ನಿನಗೆ ಹೇಗೆ ಗೊತ್ತಾಯ್ತು? ರಾಜಧಾನಿಯ ದೊಡ್ಡ ಮನುಷ್ಯರು ಇವತ್ತು ನನ್ನ ಪಕ್ಕ ಕೂತು ಮ್ಯಾಚ್ ನೋಡ್ತಾರೆ. ನಿನ್ನ ಏಡಿ ಅಲ್ಕಪುರಿಯಾ ಒಂದು ತಟ್ಟೆ ತುಂಬ ತರ್ತೀನಿ ಅಂತ ಹೇಳ್ಬಿಟ್ಟಿದೀನಿ."

"ಇವತ್ತು ಮ್ಯಾಚಿನ ದಿನ, ಕೊಂಪಾಯ್."

"ಇಲ್ಲೆಲ್ಲಿದೆ ಮ್ಯಾಚು? ಗೇಟಿಗೆ ಬೀಗ ಬಿದ್ದಿದೆ. ಇವತ್ತು ಕರಿದ್ರೆ ಏನೂ ಪಾಪ ಇಲ್ಲ."

"ಬೀಗ ಹಾಕ್ಸಿದ್ದು ಯಾರು?"

"ನೀನೂ ಅದೇ ಶುರು ಮಾಡ್ಬೇಡ." ಅವನು ಗಡಿಯಾರ ನೋಡಿಕೊಂಡ. ಬೆಂಚಿನ ಮೇಲಿಂದ ತಿನೊ ಏನೋ ಗೊಣಗಿದ್ದು ಕೇಳಿಸಿ ಅವನಿಗೆ ರೇಗಿತು. ಸೋಲಿನ ಮೇಲೆ ಸೋಲು, ಹೋದಲ್ಲೆಲ್ಲ ಬೈಗುಳ, ಅವನೂ ಮನುಷ್ಯನೇ ತಾನೇ. ಜನರ ಕಡೆ ತಿರುಗಿದ. "ಎಲ್ಲಿ ಆಡಿಸ್ಬೇಕು ಅನ್ನೋದನ್ನ ನಿಮ್ಮನ್ನ ಕೇಳ್ಬೇಕಾ? ತಂಡ ನಂದು. ಮಾಲೀಕ ನಾನು."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆ ಊರಿನಲ್ಲಿ ಮುಖ್ತಾರನನ್ನು ಕಳ್ಳ ಎಂದವರಿದ್ದರು, ಕತ್ತೆ ಎಂದವರಿದ್ದರು. ಅವನ ಅಪ್ಪನನ್ನು ಎಳೆದು ತಂದವರೂ ಇದ್ದರು. ಮಾಲೀಕ ಎಂಬ ಶಬ್ದ ಮಾತ್ರ ಆ ಬೀದಿಯಲ್ಲಿ ಅಂದಿನವರೆಗೆ ಯಾರ ಬಾಯಿಂದಲೂ ಬಂದಿರಲಿಲ್ಲ. ಅವನನ್ನು ವಹಿಸಿಕೊಂಡು ವರ್ಷವಿಡೀ ಜಗಳವಾಡಿದವರು ಕೂಡ ಈಗ ಅವನನ್ನು ಹೊಸಬನನ್ನು ನೋಡಿದಂತೆ ನೋಡಿದರು. ಒಬ್ದುಲಿಯಾ ಮೇಡಂ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

ಮೊದಲು ಎದ್ದವನು ತಿನೊ. ನಿಧಾನವಾಗಿ ಅಂಗಡಿಯ ಹತ್ತಿರ ಬಂದ. ಗೆದ್ದ ಬಾಜಿಯನ್ನು ವಸೂಲು ಮಾಡಲು ಬಂದ ಎಂದೇ ಎಲ್ಲರೂ ತಿಳಿದರು.

"ದೋನ್ಯಾ ಲೂಮಿ, ನನಗೊಂದು ಖೀಮಾದ್ದು ಕೊಡಿ," ಎಂದ. "ಇವತ್ತು ಮ್ಯಾಚಿನ ದಿನ."

ಲೂಮಿ ಅವನ ಮುಖ ನೋಡಿದಳು. ಬಕೆಟ್ಟನ್ನು ಎತ್ತಿದಳು, ಏಡಿಗಳನ್ನೆಲ್ಲ ದಡದಡ ಪೀಪಾಯಿಗೆ ಸುರಿದು ಮುಚ್ಚಳ ಹಾಕಿದಳು. ಆಮೇಲೆ ಸೆರಗಿಲ್ಲದ ಆ ಹೆಂಗಸು ಏಪ್ರನ್ನಿಗೆ ಕೈ ಒರೆಸಿಕೊಂಡು ಕೊಂಪಾಯ್ ಎದುರು ಬಂದು ನಿಂತಳು.

"ವೆನಾನ್ಸಿಯೊ," ಎಂದಳು. ಹೆಸರು ಹಿಡಿದು ಕರೆದದ್ದು ಅದೇ ಮೊದಲು. "ಏಣಿ ಮೇಲೆ ನೀನಿದ್ದೆ, ನಿಜ. ಏಣಿ ಹಿಡ್ಕೊಂಡಿದ್ದೋರು ಯಾರು? ಹಗ್ಗ ಎಳೆದು ಅಂಗೈ ಕಿತ್ಕೊಂಡೋರು ಯಾರು? ಈ ತಿನೊ ತಿಂಗಳುಗಟ್ಟಲೆ ಕತ್ತರಿ ಹಿಡಿಯಕ್ಕಾಗದೆ ಕೂತಿದ್ದ. ಮುಖ್ತಾರ ಅಂದ್ರೆ ನಾವು ಕೊಟ್ಟಿದ್ದನ್ನ ಹಿಡ್ಕೊಂಡಿರೋನು. ಕೊಟ್ಟೋರು ಇನ್ನೂ ಇಲ್ಲೇ ನಿಂತಿದೀವಿ, ಸತ್ತಿಲ್ಲ."

"ಕೊಮಾಯ್, ಜನರೆದುರು ಬೇಡ."

"ಜನರೆದುರೇ ಇಸ್ಕೊಂಡಿದ್ದು ನೀನು. ಹೋಗು, ಹೊತ್ತಾಗುತ್ತೆ. ನಿನ್ನ ದೊಡ್ಡ ಮನುಷ್ಯರಿಗೆ ಹೇಳು, ಏಡಿಗಳು ಕೆಲಸಕ್ಕೆ ಹೋಗಿದಾವೆ ಅಂತ."

ಕಾರು ಹೊರಟು ಹೋಯಿತು. ಆಮೇಲೆ ಒಬ್ಬೊಬ್ಬರಾಗಿ ಖೀಮಾದ್ದು ಕೇಳತೊಡಗಿದರು. ಹಸಿವಿಲ್ಲದವರೂ ಕೇಳಿದರು. ಮೂರನೆಯವನೋ ನಾಲ್ಕನೆಯವನೋ ಆಗಿ ಸಾಲಿನಲ್ಲಿ ನಿಂತಿದ್ದವನು ಪುರಸಭೆಯ ಕಾವಲುಗಾರ, ಗೇಟಿನ ಬೀಗದ ಕೈ ಅವನ ಸೊಂಟದಲ್ಲೇ ನೇತಾಡುತ್ತಿತ್ತು. ಕೋರ್ಟು ಪುರಸಭೆಯದು, ಮುಖ್ತಾರನದಲ್ಲ ಎಂದು ಯಾರೋ ಅವನಿಗೆ ನೆನಪಿಸಿದರು. ಅವನು ಬಾಯಲ್ಲಿದ್ದದ್ದನ್ನು ನುಂಗಿ, ಹೋಗಿ ಗೇಟು ತೆರೆದ.

ಸಂಜೆ ಊರೇ ಒಳಗೆ ಕೂತಿತ್ತು. ಅವರವರ ಜಾಗದಲ್ಲಿ ಅವರವರು, ಎದುರಿಗೆ ಖಾಲಿ ನೆಲ, ಎರಡು ಖಾಲಿ ಬುಟ್ಟಿಗಳು, ಧ್ವನಿವರ್ಧಕಕ್ಕೆ ಸಿಕ್ಕಿಸಿದ ತಿನೊನ ರೇಡಿಯೊ. ರಾಜಧಾನಿಯಲ್ಲಿ ಏಡಿಗಳು ಚೆಂಡು ಹಾಕಿದಾಗೆಲ್ಲ ಇಲ್ಲಿ ತಮಟೆ ಬಡಿದರು, ರೆಫರಿ ಸೀಟಿ ಊದಿದಾಗೆಲ್ಲ ಖಾಲಿ ನೆಲದ ಕಡೆ ಕೈತೋರಿಸಿ ಬೈದರು. ಅಲ್ಲಿ ಜನರಿಗಿಂತ ಕುರ್ಚಿಗಳೇ ಹೆಚ್ಚಿವೆ ಎಂದು ರೇಡಿಯೊದವನು ಬಾಯಿತಪ್ಪಿ ಹೇಳಿಬಿಟ್ಟಾಗ ಎದ್ದ ಕೂಗಿಗೆ, ಊರು ಸೇರಿ ಹೊದಿಸಿದ ಮಾಡಿನ ತಗಡುಗಳು ಗಡಗಡ ಎಂದವು. ಏಡಿಗಳು ಆ ದಿನವೂ ಸೋತರು. ಸೋತದ್ದಕ್ಕೆ ಬರಾಂಕೆರಾದ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದ್ದು ಅದೇ ಮೊದಲು.

ಮರುದಿನ ಬೆಳಿಗ್ಗೆ ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ವೆನಾನ್ಸಿಯೊ ನಡೆದುಕೊಂಡೇ ಬಂದ. ನಿನ್ನೆಯ ಅಂಗಿಯೇ ಮೈಮೇಲಿತ್ತು, ಇಸ್ತ್ರಿ ಹೋಗಿತ್ತು. ಬೆಂಚಿನ ತುದಿಯಲ್ಲಿ ಕೂತ. ಮೊದಲಾಗಿದ್ದರೆ ಕೇಳುವ ಮೊದಲೇ ಕಾಫಿ ಅವನ ಮುಂದಿರುತ್ತಿತ್ತು. ಲೂಮಿ ಕಾಫಿಪಾತ್ರೆಯನ್ನು ಕೈಯಲ್ಲಿ ಹಿಡಿದೇ ನಿಂತಳು.

"ಯಾರು ಬಂದಿರೋದು?" ಎಂದು ಕೇಳಿದಳು. "ಕೊಂಪಾಯ್‌ಗಾದ್ರೆ ಕಾಫಿ ಇದೆ. ಮಾಲೀಕರಿಗೆ ಇಲ್ಲೇನೂ ಇಲ್ಲ."

ವೆನಾನ್ಸಿಯೊ ಎದುರಿನ ಗೇಟನ್ನು ನೋಡಿದ. ಕಾವಲುಗಾರ ಅದಕ್ಕೆ ಮತ್ತೆ ಬೀಗ ಹಾಕಿರಲಿಲ್ಲ.

"ಕೊಂಪಾಯ್," ಎಂದ ಕೊನೆಗೆ, ನೆಲ ನೋಡುತ್ತ.

ಲೂಮಿ ಲೋಟದ ತುಂಬ ಕಾಫಿ ಸುರಿದಳು. ಅವನಿಗೆ ಬೇಕಾದಷ್ಟೇ ಸಕ್ಕರೆ ಹಾಕಿ ಕಲಕಿ ಕೈಗೆ ಕೊಟ್ಟಳು. ಕೊಟ್ಟ ಮೇಲೆ ಪಕ್ಕದಲ್ಲಿ ಕೂತು ಹೇಳಿದಳು:

"ಕುಡಿ. ಕುಡಿದು ಮನೆಗೆ ಹೋಗಿ ಆ ಮಾಲೀಕನಿಗೆ ಹೇಳು, ಮುಖ್ತಾರಿಕೆ ವಾಪಸ್ ಕೊಡು ಅಂತ ನಮ್ಮೂರೋರು ಕೇಳ್ತಿದಾರೆ."