ನಾಲ್ಕು ಗಂಟೆಯೊಳಗಿನ ಓಟವೆಂಬ ಕಥೆ

‘ಮೊಣಕಾಲು ಕೈಕೊಟ್ಟರೂ ಹಟ ಬಿಡಲಿಲ್ಲ, ಗೆಳೆಯರ ಬಲದಿಂದ ನಾಲ್ಕು ಗಂಟೆಯೊಳಗೆ ಮ್ಯಾರಥಾನ್ ಮುಗಿಸಿದರು.’ ಹೊಸ ತಿಪ್ಪಸಂದ್ರದ ನಮ್ಮ ಓಟಗಾರರ ಗುಂಪಿನಲ್ಲಿ ನನ್ನ ಬಗ್ಗೆ ಇಂದಿಗೂ ಹೀಗೆಯೇ ಹೇಳುತ್ತಾರೆ. ಹೊಸದಾಗಿ ಸೇರಿದವರಿಗೆ ಇದೇ ಮೊದಲ ಪಾಠ. ಇದರಲ್ಲಿ ನಿಜವಾದದ್ದು ಮೊಣಕಾಲೊಂದೇ.

ಎರಡು ಸಾವಿರದ ನಂತರದ ಮಾತು, ಆಗ ನನಗೆ ಐವತ್ತಾರು. ಏಳನೆಯ ತರಗತಿಗೆ ಶಾಲೆ ಬಿಟ್ಟವನು. ಅಭ್ಯಾಸದ ವೇಳಾಪಟ್ಟಿಯನ್ನು ಗ್ರಂಥಾಲಯದ ಪುಸ್ತಕಗಳನ್ನು ನೋಡಿ ನಾನೇ ಹಾಕಿಕೊಂಡಿದ್ದೆ. ಕಾರ್ಖಾನೆಯ ಲೇತ್ ಯಂತ್ರದ ಮುಂದೆ ಮೂವತ್ತು ವರ್ಷ ನಿಂತ ಕಾಲುಗಳಿಗೆ ನಾಲ್ಕು ಗಂಟೆಯ ಗುರಿ ಇಟ್ಟವನೂ ನಾನೇ, ಅದನ್ನು ಅಲ್ಲಗಳೆಯುವುದಿಲ್ಲ. ಗುಂಪಿನಲ್ಲಿ ಎರಡು ಕಟ್ಟಳೆಗಳಿದ್ದವು. ಜೋಡಿಯಾಗಿ ಓಡಬೇಕು, ಜೊತೆಯವರನ್ನು ಬಿಟ್ಟು ಹೋಗಬಾರದು. ಬೀಗದ ಕೈ, ಚಪ್ಪಲಿ, ಬಸ್ಸಿನ ಚಿಲ್ಲರೆ ಎಲ್ಲವನ್ನೂ ಒಂದೇ ಚೀಲಕ್ಕೆ ಹಾಕಿ, ಗುಂಪಿನಲ್ಲಿ ಸ್ಕೂಟರ್ ಇದ್ದ ಒಬ್ಬರ ಕೈಯಲ್ಲಿ ಮುಂದಕ್ಕೆ ಕಳಿಸಬೇಕು. ಭಾರ ಕಡಿಮೆಯಾಗಲೆಂದು ಮಾಡಿದ ಏರ್ಪಾಡು. ನನ್ನ ಜೋಡಿಯಾಗಿದ್ದವರು ವಿಮಾ ಕಚೇರಿಯ ಒಬ್ಬ ಹೆಣ್ಣುಮಗಳು. ಆಕೆಯ ಗುರಿಯೂ ನಾಲ್ಕು ಗಂಟೆಯೇ.

ಮ್ಯಾರಥಾನ್ ದಿನ ಹಲಸೂರು ಕೆರೆಯ ಬಳಿ ಮೊಣಕಾಲು ಮಡಿಸಲಾಗದಷ್ಟು ನೋಯತೊಡಗಿತು. ಇನ್ನೂ ಹದಿನಾಲ್ಕು ಕಿಲೋಮೀಟರ್ ಉಳಿದಿತ್ತು. ರಸ್ತೆಯ ಅಂಚಿನಲ್ಲಿ ಕುಳಿತುಬಿಟ್ಟೆ.

‘ನೀನು ಹೋಗಮ್ಮ. ನಾನು ಹೆಂಗೋ ಮನೆ ಸೇರ್ಕೋತೀನಿ.’

‘ಬೀಗದ ಕೈ ಎಲ್ಲಿದೆ ಸಾರ್?’

ಚೀಲದಲ್ಲಿತ್ತು. ಚೀಲ ಮುಕ್ತಾಯದ ಗೆರೆಯಲ್ಲಿತ್ತು. ಗುಂಪಿನವರು ತಂದ ಹಾರ ಹಿಡಿದು ನನ್ನ ಹೆಂಡತಿಯೂ ಅಲ್ಲೇ ನಿಂತಿದ್ದಳು. ಓಟಕ್ಕಾಗಿ ರಸ್ತೆ ಮುಚ್ಚಿದ್ದರಿಂದ ಆಟೋ ಕೂಡ ಇರಲಿಲ್ಲ.

‘ಹಂಗಾದ್ರೆ ಇಲ್ಲೇ ಕೂತಿರ್ತೀನಿ. ನಿನ್ನ ಟೈಮ್ ಯಾಕೆ ಹಾಳು?’

‘ಜೋಡಿ ಬಿಟ್ಟು ಹೋದ್ರೆ ಗುಂಪಿನವರು ಸುಮ್ನಿರ್ತಾರಾ? ನಿಮಗೆ ಹಾರ, ನನಗೆ ಮಂಗಳಾರತಿ.’

ಎದುರಿನ ಟೀ ಅಂಗಡಿಯವನು ಗ್ಲಾಸು ತೊಳೆಯುತ್ತಲೇ, ‘ಏನ್ ಗುರು, ಆಗ್ಲೇ ಪಂಕ್ಚರಾ?’ ಎಂದ.

ಆಕೆ ನಗಲಿಲ್ಲ. ಮಣಿಕಟ್ಟಿನ ಗಡಿಯಾರ ನೋಡಿಕೊಂಡರು, ಮತ್ತೆ ನೋಡಿಕೊಂಡರು, ಆಮೇಲೆ ನೋಡುವುದನ್ನೇ ಬಿಟ್ಟರು. ಆಗ ನಾನು ಎದ್ದೆ. ಎದ್ದದ್ದು ಹಟದಿಂದಲ್ಲ, ನಾನು ಕುಳಿತಷ್ಟು ಹೊತ್ತೂ ಆಕೆ ನಿಂತಿರಬೇಕಾಗಿತ್ತು. ಉಳಿದ ದಾರಿಯನ್ನು ಆಕೆಯ ಭುಜ ಹಿಡಿದು ಕುಂಟುತ್ತ ನಡೆದೆ. ಓಡಲಿಲ್ಲ.

ಹಾರ ನನ್ನ ಕೊರಳಿಗೆ ಬಿತ್ತು. ಆಕೆಯ ಗುರಿ ಏನಾಯಿತೆಂದು ಯಾರೂ ವಿಚಾರಿಸಲಿಲ್ಲ. ಕೆಲವು ತಿಂಗಳಲ್ಲೇ ನಾಲ್ಕು ಗಂಟೆಯ ಕಥೆ ಹುಟ್ಟಿಕೊಂಡಿತು. ನಾನು ಆಕ್ಷೇಪಿಸಿದಾಗ ಸ್ಕೂಟರಿನವರು, ‘ಬಿಡಿ ಸಾರ್, ಕೇಳೋರಿಗೆ ಹುಮ್ಮಸ್ಸು ಬರುತ್ತೆ’ ಎಂದರು. ಮರುವರ್ಷ ಆಕೆಗೆ ಬೇರೆ ಊರಿಗೆ ವರ್ಗವಾಯಿತು. ಮತ್ತೆ ಮ್ಯಾರಥಾನ್ ಓಡಲು ಆಕೆಗೆ ಆಗಲೇ ಇಲ್ಲ.

ನನ್ನ ಪ್ರಮಾಣಪತ್ರದಲ್ಲಿ ಐದು ಗಂಟೆ ಐವತ್ತೆರಡು ನಿಮಿಷ ಎಂದಿದೆ. ಆಕೆಯದರಲ್ಲೂ ಅಷ್ಟೇ. ಆಕೆ ನಿವೃತ್ತರಾಗಿ ಮರಳಿ ಬಂದು ಈಗ ಇಂದಿರಾನಗರದಲ್ಲಿದ್ದಾರೆ. ಕೇಳಿದರೆ ಪ್ರಮಾಣಪತ್ರ ತೆಗೆದು ತೋರಿಸುತ್ತಾರೆ. ಇದುವರೆಗೆ ಯಾರೂ ಕೇಳಿಲ್ಲವಂತೆ.