ಮೇಷ್ಟ್ರು ಆನೆಯಾದ ದಿನ

ಹೂಗ್ಯಂ ಕಡೆಯ ಕಾಡಂಚಿನ ಶಾಲೆಯೊಂದರಲ್ಲಿ ನಾನು ಬಿಸಿಯೂಟದ ಅಡುಗೆ ಮಾಡುತ್ತಿದ್ದಾಗ ಒಬ್ಬ ಮೇಷ್ಟ್ರಿದ್ದರು. ಯಾವ ಪ್ರಾಣಿ ಎಲ್ಲಿ ವಾಸಿಸುತ್ತದೆ ಎಂಬ ಪಾಠವನ್ನು ಅವರು ಎಂದೂ ಕುರ್ಚಿಯಲ್ಲಿ ಕೂತು ಮಾಡಿದವರಲ್ಲ. ಕಪ್ಪೆ ಅಂದರೆ ಕುಪ್ಪಳಿಸುವರು, ಹಾವು ಅಂದರೆ ಷರ್ಟಿನ ಗುಂಡಿ ಕಿತ್ತುಹೋಗುವಂತೆ ತೆವಳುವರು. ಆಮೇಲೆ ಮಣ್ಣು ಕೊಡವಿಕೊಂಡು, “ಅವರವರ ಮನೇಲಿ ಅವರವರಿರ್ಬೇಕು ಕಣ್ರೋ!” ಎನ್ನುವರು.

ಒಂದು ದಿನ ಆನೆಯಾದರು. ಹೆಗಲ ಮೇಲಿನ ಟವೆಲ್ಲೇ ಸೊಂಡಿಲು, ಬೇಲಿಯಾಚೆಯ ಲಂಟಾನದ ಪೊದೆಯೇ ಕಾಡು. ಒಂದನೇ ಕ್ಲಾಸಿನ ಮಕ್ಕಳು ರಾಗಿ ಪೈರಾಗಿ ಅಂಗಳದಲ್ಲಿ ತೂಗಾಡುತ್ತಿದ್ದವು. ಆನೆ ಬೇಲಿ ದಾಟಿ ಬಾಯಿ ಹಾಕಿದ್ದೇ ತಡ, ಪೈರೆಲ್ಲ ಬೇರುಸಮೇತ ಎದ್ದು, ಊಟದ ತಟ್ಟೆ ಬಡಿಯುತ್ತಾ “ಓಗು, ಓಗು!” ಎಂದು ಅಟ್ಟಿಸಿಕೊಂಡು ಹೋಯಿತು. ಹೊಲದಲ್ಲಿ ಅವರ ಅಪ್ಪ ಅಮ್ಮ ಮಾಡುವುದೂ ಅದೇ.

ಊಟದ ಗಂಟೆ ಹೊಡೆದರೂ ಆನೆಯನ್ನು ಒಳಗೆ ಬಿಡಲಿಲ್ಲ.

“ಲೇ, ನಾನು ಮೇಷ್ಟ್ರು ಕಣ್ರೋ! ಹಸಿವು!”

“ಆನೆ ಮಾತಾಡಾಕಿಲ್ಲ ಸಾ. ಅವರವರ ಮನೇಲಿ ಅವರವರಿರ್ಬೇಕು!”

ಪಾಪ ಅನ್ನಿಸಿ, ತಟ್ಟೆಗೆ ಅನ್ನ ಸಾರು ಹಾಕಿಕೊಂಡು ನಾನೇ ಬೇಲಿಯತ್ತ ಹೊರಟೆ. ಪುಟ್ಟ ಹುಡುಗಿಯೊಬ್ಬಳು ನನ್ನ ಸೆರಗು ಹಿಡಿದು ಜಗ್ಗಿದಳು.

“ಬ್ಯಾಡ ಕಣಕ್ಕಾ. ರುಚಿ ಕಂಡ್ರೆ ದಿನಾ ಬತ್ತದೆ.”