ದೈವ ಹೇಳದ ಮಾತು

ನನ್ನ ಮೊಮ್ಮಗಳು ದೀಕ್ಷಾ ಟಿ.ವಿ. ಧಾರಾವಾಹಿಯ ನಾಯಕಿಯಾಗಿದ್ದಾಳೆ! ಮೊನ್ನೆ ಬೆಳಿಗ್ಗೆ ಅವಳೇ ಮಂಗಳೂರಿನಿಂದ ಫೋನು ಮಾಡಿ ಹೇಳಿದಳು. ನಾನು ಕೈಯಲ್ಲಿದ್ದ ಬೀಡಿ ಎಲೆಯನ್ನು ಹಾಗೇ ಸೂಪಿಗೆ, ಬೀಡಿ ಕಟ್ಟುವ ಮೊರಕ್ಕೆ, ಹಾಕಿ ಎದ್ದೆ. ತೋಡಾರಿನ ನಮ್ಮ ಆಚೀಚೆ ಮನೆಗಳಿಗೆಲ್ಲ ಹೋಗಿ ಹೇಳಿ ಬಂದೆ. ಮೊಣಕಾಲಿನ ನೋವು ಎಲ್ಲಿ ಹೋಗಿತ್ತೋ ಗೊತ್ತಿಲ್ಲ. ಇಷ್ಟು ಸಂತೋಷದ ಹೊತ್ತಿನಲ್ಲಿ ಇನ್ನೊಂದು ಮಾತನ್ನೂ ಬರೆಯಬೇಕಾಗಿದೆ. ಈ ಹುಡುಗಿಯ ತಾಯಿ, ನನ್ನ ಒಬ್ಬಳೇ ಮಗಳು ಜಲಜ, ಇದೇ ದಾರಿಗೆ ಕಾಲಿಡಲು ಹೊರಟಾಗ ದೈವದ ಹೆಸರಿನಲ್ಲಿ ಸುಳ್ಳು ಹೇಳಿ ತಡೆದವಳು ನಾನು. ಇಪ್ಪತ್ತೇಳು ವರ್ಷ ಆ ಸುಳ್ಳನ್ನು ಸಾಕಿದವಳೂ ನಾನೇ.

ಆಗ ಜಲಜನಿಗೆ ಹದಿನೆಂಟು. ನಾವಿಬ್ಬರೂ ಜಗಲಿಯಲ್ಲಿ ಎದುರುಬದುರು ಕೂತು ಬೀಡಿ ಕಟ್ಟುತ್ತಿದ್ದೆವು. ಅವಳ ಕೈ ಎಲೆ ಸುರುಟುತ್ತಿತ್ತು, ಬಾಯಿ ಹಾಡುತ್ತಿತ್ತು. ದಾರಿಯಲ್ಲಿ ಹೋಗುವವರು ಬೇಲಿಯ ಹತ್ತಿರ ನಿಲ್ಲುತ್ತಿದ್ದರು. ಒಂದು ದಿನ ಬಂಟ್ವಾಳದ ಕಡೆಯ ತುಳು ನಾಟಕ ತಂಡದ ಯಜಮಾನರು ಬಂದರು. "ಹಾಡುವ ಹುಡುಗಿ ನಮಗೆ ಬೇಕಿತ್ತು ಅಕ್ಕಾ. ಪಾತ್ರ ಮಾಡ್ಲಿಕ್ಕೂ ನಾವೇ ಕಲಿಸ್ತೇವೆ. ಕಳಿಸಿ ಕೊಡಿ" ಎಂದರು. ಜಲಜ ಬಾಗಿಲ ಹಿಂದೆ ನಿಂತು ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ನೇರವಾಗಿ ಬೇಡ ಅನ್ನಲಿಲ್ಲ. "ಕುಟುಂಬದ ಮನೆಯಲ್ಲಿ ನೇಮ ಉಂಟು, ದೈವದ ಹತ್ತಿರ ಕೇಳಿ ಹೇಳ್ತೇನೆ" ಎಂದೆ.

ನಮ್ಮ ಕುಟುಂಬದ ಮನೆ ಬೆಳ್ತಂಗಡಿಯ ಆಚೆ. ಅವಳೂ ಬರುವವಳಿದ್ದಳು. ಆದರೆ ಹೊರಡುವ ದಿನವೇ ಹೊರಗೆ ಕೂತಳು — ಮುಟ್ಟಾದವರು ದೈವದ ಅಂಗಳಕ್ಕೆ ಕಾಲಿಡುವ ಹಾಗಿಲ್ಲ. ಹಾಗಾಗಿ ನಾನೊಬ್ಬಳೇ ಹೋದೆ. ಅಲ್ಲಿ ಏನಾಯಿತೆಂದು ಅವಳಿಗೆ ಹೇಳಲಿಕ್ಕೆ ನನ್ನ ಬಾಯಿ ಒಂದೇ ಇತ್ತು.

ದೈವ ಮೈಮೇಲೆ ಬಂದು ರಾತ್ರಿಯಿಡೀ ಕುಣಿಯುವ ನೇಮ ಮುಗಿಯುವ ಹೊತ್ತಿಗೆ ಬೆಳಗಾಗಿತ್ತು. ಉಳಿದವರು ಚದುರಿದ ಮೇಲೆ ನಾನು ಮುಂದೆ ಹೋಗಿ ಕೈಮುಗಿದು ಕೇಳಿದೆ. ದೈವ ನುಡಿ ಕೊಟ್ಟಿತು: "ಮಗಳು ಎಲ್ಲಿಗೆ ಹೋದರೂ ಅವಳ ಬೆನ್ನಿಗೆ ನಾನಿದ್ದೇನೆ. ಕಣ್ಣೀರು ಹಾಕಿಸಬೇಡ. ಕಳಿಸು." ಬಾಳೆಲೆಯ ತುಂಡಿನಲ್ಲಿ ಅವಳಿಗೆಂದು ಗಂಧ ಕೊಟ್ಟಿತು.

ಬಸ್ಸು ವೇಣೂರು ದಾಟುವವರೆಗೂ ಇದ್ದದ್ದನ್ನು ಇದ್ದ ಹಾಗೆ ಹೇಳಬೇಕೆಂದೇ ಇದ್ದೆ. ಆಮೇಲೆ — ನಾಳೆಯಿಂದ ಆ ಜಗಲಿಯಲ್ಲಿ ನಾನೊಬ್ಬಳೇ ಕೂತಿರುವುದು ಕಣ್ಣಮುಂದೆ ಬಂತು. ಎದುರಿಗೆ ಯಾರೂ ಇಲ್ಲ, ಹಾಡಿಲ್ಲ. ಜನರ ಬಾಯಿಗೆ ಹೆದರಿದೆ, ಅವಳ ಮದುವೆಯ ಚಿಂತೆ ಇತ್ತು ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದು ಯಾವುದೂ ಅಲ್ಲ. ಅವಳ ಹಾಡು ನನ್ನ ಜಗಲಿ ಬಿಟ್ಟು ಹೋಗುವುದು ನನಗೆ ಬೇಡವಾಗಿತ್ತು.

ಮನೆಗೆ ಬಂದು ಗಂಧದ ಎಲೆ ಅವಳ ಮುಂದೆ ಇಟ್ಟೆ. "ಈ ಮನೆಯ ಹೆಣ್ಣು ಬಣ್ಣ ಹಚ್ಚಿ ಜನರ ಮುಂದೆ ನಿಂತರೆ ಮನೆಯ ದೀಪ ಆರ್ತದೆ ಅಂತ ನುಡಿಯಾಯ್ತು ಮಗಾ" ಎಂದೆ. ಅವಳು ಅಳಲಿಲ್ಲ, ತಿರುಗಿ ಕೇಳಲಿಲ್ಲ. ದೈವದ ಮಾತನ್ನು ಎರಡನೇ ಸಲ ಕೇಳುವವರು ಯಾರಿದ್ದಾರೆ? ಹೋಗು ಎಂದು ಕೊಟ್ಟ ಗಂಧ — ಹೊರಗೆ ಕೂತದ್ದು ಮುಗಿದು ತಲೆಗೆ ಸ್ನಾನ ಮಾಡಿ ಬಂದ ದಿನ ಅದನ್ನೇ ಹಣೆಗೆ ಹಚ್ಚಿಕೊಂಡು ಹಾಡುವುದನ್ನು ಬಿಟ್ಟಳು. ಜಗಲಿಯಲ್ಲೂ ಮತ್ತೆ ಹಾಡಲಿಲ್ಲ. ಯಾವುದಕ್ಕಾಗಿ ಸುಳ್ಳು ಹೇಳಿದೆನೋ ಅದೂ ನನಗೆ ಸಿಗಲಿಲ್ಲ.

ಅವಳ ಮದುವೆಯಾಯಿತು. ಅಳಿಯ ಉಮೇಶ ಮೂಡುಬಿದಿರೆ–ಬಂಟ್ವಾಳ ಬಸ್ಸಿನ ಡ್ರೈವರು, ನನ್ನನ್ನೂ ಜೊತೆಗಿಟ್ಟುಕೊಂಡ ಒಳ್ಳೆಯ ಮನುಷ್ಯ. ದೀಕ್ಷಾ ಹುಟ್ಟಿದಳು, ತಾಯಿಯ ಗಂಟಲನ್ನು ಹೊತ್ತುಕೊಂಡೇ ಹುಟ್ಟಿದಳು. ಹದಿನಾರನೆಯ ವರ್ಷ ತಂದೆಯ ಜೊತೆ ಸದ್ದಿಲ್ಲದೆ ಹೋಗಿ ಟಿ.ವಿ.ಯ ಹಾಡಿನ ಸ್ಪರ್ಧೆಗೆ ಆಯ್ಕೆಯಾಗಿ ಬಂದಳು. ಜಲಜ ನಡುಗಿಹೋದಳು. ಆದರೂ ಮಗಳನ್ನು ತಡೆಯಲಿಲ್ಲ. ದೇವರ ಕೋಣೆಯಲ್ಲಿ ದೀಪ ಹಚ್ಚಿ ದೈವಕ್ಕೆ ಹರಕೆ ಹೇಳಿಕೊಂಡಳು. ಬಾಗಿಲ ಆಚೆ ನಿಂತು ನಾನು ಕೇಳಿದೆ: "ತಪ್ಪು ನನ್ನ ಮೇಲೆ ಇರಲಿ. ಅವಳನ್ನು ಕಾಯಿ. ಅದಕ್ಕೆ ಬದಲಾಗಿ ಅವಳು ಹಾಡುವುದನ್ನು ನಾನು ಕೇಳುವುದಿಲ್ಲ, ವೇಷ ಹಾಕಿದ್ದನ್ನು ನೋಡುವುದಿಲ್ಲ."

ಆಗಲಾದರೂ ಬಾಗಿಲು ತಳ್ಳಿ ಒಳಗೆ ಹೋಗಬೇಕಿತ್ತು. ಹೋಗಲಿಲ್ಲ.

ಫೈನಲ್ಲಿನ ದಿನ ಅರ್ಧ ತೋಡಾರು ನಮ್ಮ ಮನೆಯ ಟಿ.ವಿ. ಮುಂದೆ ಕೂತಿತ್ತು. ದೀಕ್ಷಾ ಗೆದ್ದಾಗ ನಾನು ಕುಣಿದೆ. ಜಲಜ ಹಿತ್ತಲಲ್ಲಿ ನಳ್ಳಿಯನ್ನು ಪೂರ್ತಿ ತಿರುಗಿಸಿ, ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆಯುತ್ತಿದ್ದಳು. ಆಮೇಲೆ ಹುಡುಗಿ ಮದುವೆ ಮನೆಗಳ ರಸಮಂಜರಿಯಲ್ಲಿ ಹಾಡಿದಳು. ತುಳು ನಾಟಕಕ್ಕೆ ಸೇರಿ ಮುದುಕಿಯ ವೇಷ ಹಾಕಿ ಜನರನ್ನು ನಗಿಸಿದಳು. "ಅಜ್ಜಿ, ಆ ನಡಿಗೆ ನಿಮ್ಮದೇ ಕದ್ದದ್ದು. ರಾಯಲ್ಟಿ ಎಲ್ಲ ಕೇಳ್ಬೇಡಿ" ಎನ್ನುತ್ತಿದ್ದಳು. ಆಮೇಲೆ ಧಾರಾವಾಹಿಗಳಲ್ಲಿ ನಾಯಕಿಯ ಗೆಳತಿ, ನಾಯಕನ ತಂಗಿ. ಎಲ್ಲದಕ್ಕೂ ಮುಂದಿನ ಸಾಲಿನಲ್ಲಿ ನಾನು. ಜಲಜನ ಕುರ್ಚಿ ಎಂಟು ವರ್ಷ ಖಾಲಿ.

ಒಮ್ಮೆ ದೀಕ್ಷಾ ನನ್ನ ಮಡಿಲಲ್ಲಿ ತಲೆಯಿಟ್ಟು ಕೇಳಿದ್ದಳು, "ಅಮ್ಮನಿಗೆ ನಾನು ಹಾಡುವುದು ಅಂದ್ರೆ ಅಸಹ್ಯವಾ ಅಜ್ಜಿ?" ನಾನು ಅವಳ ಕೂದಲಿಗೆ ಎಣ್ಣೆ ಹಚ್ಚುತ್ತಾ — "ಅವಳ ಸ್ವಭಾವವೇ ಹಾಗೆ ಮಾರಾಯ್ತಿ" ಎಂದೆ. ಇದು ನನ್ನ ಎರಡನೆಯ ಸುಳ್ಳು. ಇದಕ್ಕೆ ದೈವದ ಹೆಸರೂ ಬೇಕಾಗಲಿಲ್ಲ.

ಮೊನ್ನೆ ಸಂಜೆ ದೀಕ್ಷಾ ಮನೆಗೆ ಬಂದಳು. ಜಲಜ ಕೋಳಿ ಗಸಿ ಮಾಡಿದ್ದಳು. ಉಮೇಶ ಬಸ್ಸನ್ನು ಬೇರೆಯವರಿಗೆ ಒಪ್ಪಿಸಿ ಬೇಗ ಬಂದಿದ್ದ, ಗಸಿಗೆ ಮುರಿದು ಹಾಕುವ ಗರಿಗರಿ ಒಣರೊಟ್ಟಿಯ ದೊಡ್ಡ ಕಟ್ಟು ತಂದಿದ್ದ. ಎಲ್ಲರೂ ನೆಲದ ಮೇಲೆ ಕೂತೆವು. "ಊಟದ ಮೊದಲು ಒಂದು ಹಾಡು ಆಗ್ಲಿ ನಾಯಕಿಯಮ್ಮಾ" ಎಂದು ಉಮೇಶ ಮಗಳನ್ನು ಛೇಡಿಸಿದ. ಜಲಜ ಯಾವಾಗಿನಂತೆ ಎದ್ದಳು. "ನೀರಿನ ತಂಬಿಗೆ ತರ್ತೇನೆ" ಎಂದಳು. ತಂಬಿಗೆ ನನ್ನ ಮುಂದೆಯೇ ಇತ್ತು.

"ಜಲಜಾ, ಕೂತುಕೋ. ದೈವ ಬೇಡ ಅನ್ಲಿಲ್ಲ. ಕಳಿಸು ಅಂದಿತ್ತು. ಬೇಡ ಅಂದದ್ದು ನಾನು."

ಹೇಳಿಬಿಟ್ಟೆ. ನಂತರ ಬೆಳ್ತಂಗಡಿಯ ಆ ಬೆಳಗನ್ನು, ಗಂಧವನ್ನು, ಬಸ್ಸನ್ನು — ಒಂದನ್ನೂ ಬಿಡದೆ ಹೇಳಿದೆ. ಉಮೇಶ ತಲೆ ತಗ್ಗಿಸಿದ. ದೀಕ್ಷಾ ತಾಯಿಯನ್ನೇ ನೋಡುತ್ತಿದ್ದಳು.

ಜಲಜ ನಿಂತೇ ಇದ್ದಳು. "ನಾನು ಹಿತ್ತಲಿಗೆ ಎದ್ದು ಹೋಗುವುದನ್ನು ಇಷ್ಟು ವರ್ಷ ನೀವು ನೋಡ್ತಾ ಕೂತಿದ್ರಲ್ಲಾ ಅಮ್ಮಾ?" ಎಂದಳು. ಸ್ವರ ಏರಲಿಲ್ಲ. ಏರಿದ್ದರೆ ನನಗೆ ಸುಲಭವಿತ್ತು.

"ಈಗ ಗೊತ್ತಾಯ್ತಲ್ಲ ಅಮ್ಮ, ಈಗ ಹಾಡ್ತೇನೆ, ಕೇಳಿ" ಎಂದು ದೀಕ್ಷಾ ಅಳುತ್ತಾ ಅವಳ ಕೈ ಹಿಡಿದಳು.

"ಬೇಡ ಮಗಾ. ಅಜ್ಜಿ ಹೇಳಿದ್ದು ಸುಳ್ಳು. ನಾನು ಹೇಳಿಕೊಂಡ ಹರಕೆ ಸುಳ್ಳಲ್ಲ. ದೈವದ ಮುಂದೆ ಹೋಗಿ ಬಿಡಿಸಿಕೊಳ್ಳದೆ ನಾನು ಕೇಳುವ ಹಾಗಿಲ್ಲ."

ಅದು ನನಗೆ ಹೊಳೆದೇ ಇರಲಿಲ್ಲ. ನಿಜ ಹೇಳಿದರೆ ಎಲ್ಲ ಬಿಚ್ಚಿಕೊಳ್ಳುತ್ತದೆ ಎಂದುಕೊಂಡಿದ್ದೆ. ನಾನು ಹಾಕಿದ ಗಂಟಿನ ಮೇಲೆ ಅವಳು ಎಂಟು ವರ್ಷದ ಹಿಂದೆ ತನ್ನದೊಂದು ಗಂಟು ಹಾಕಿದ್ದಾಳೆ. ಅದನ್ನು ಬಿಚ್ಚುವ ಶಕ್ತಿ ನನ್ನ ಬಾಯಿಗಿಲ್ಲ. ಬರುವ ಸಂಕ್ರಾಂತಿಗೆ ಕುಟುಂಬದ ಮನೆಗೆ ಹೋಗುತ್ತೇವೆ. ಅವಳು ಬಾಯಿ ತೆರೆಯುವ ಮೊದಲು ನಾನು ಅಂಗಳದಲ್ಲಿ ನಿಂತು, ಕುಟುಂಬದವರೆಲ್ಲ ಕೇಳುವ ಹಾಗೆ ನನ್ನ ಸುಳ್ಳನ್ನು ಹೇಳುತ್ತೇನೆ.

ಮೊನ್ನೆ ಸಂಜೆ ಹಾಡು ಆಗಲಿಲ್ಲ. ದೀಕ್ಷಾ ತನ್ನ ಬಟ್ಟಲನ್ನು ಎಳೆದುಕೊಂಡು ಹೋಗಿ ತಾಯಿಯ ಮಗ್ಗುಲಿಗೆ ಒತ್ತಿ ಕೂತಳು. ಜಲಜ ಎಲ್ಲರಿಗೂ ಗಸಿ ಬಡಿಸಿದಳು, ಕೊನೆಗೆ ನನ್ನ ಬಟ್ಟಲಿಗೂ. ಹಲ್ಲಿಲ್ಲದ ನನಗೆಂದು ರೊಟ್ಟಿಯನ್ನು ಯಾವಾಗಿನಂತೆ ಸಣ್ಣಗೆ ಪುಡಿ ಮಾಡಿ ಹಾಕಿದಳು. ನನ್ನ ಮುಖ ನೋಡಲಿಲ್ಲ. ನಾಲ್ವರೂ ಉಂಡೆವು. ರೊಟ್ಟಿ ಮುರಿಯುವ ಸದ್ದು ಬಿಟ್ಟರೆ ಮನೆಯಲ್ಲಿ ಬೇರೆ ಸದ್ದಿರಲಿಲ್ಲ.